ಆರಿದ ಪೈಪುಗಳ ಪೇಟೆ

ಲಂಡನ್ ನಗರದ ಪಶ್ಚಿಮ ಭಾಗದಲ್ಲಿರುವ ನಾಟಿಂಗ್ ಹಿಲ್ ಬಡಾವಣೆಯಲ್ಲಿ ಪೋರ್ಟೊಬೆಲೊ ಎಂಬ ಉದ್ದನೆಯ ಇಳಿಜಾರು ಬೀದಿಯೊಂದಿದೆ. ಶನಿವಾರ ಬೆಳಗಾಯಿತೆಂದರೆ ಆ ಬೀದಿಯ ಇಕ್ಕೆಲಗಳಲ್ಲಿಯೂ ಹಳೆಯ ಸಾಮಾನುಗಳ ಸಂತೆ ನೆರೆಯುತ್ತದೆ. ಮಾಸಿದ ಬೆಳ್ಳಿಯ ಚಮಚಗಳು, ಹಿಡಿ ಮುರಿದ ಪಿಂಗಾಣಿ ಬಟ್ಟಲುಗಳು, ಎಂದೋ ಯಾರದೋ ಎದೆಯ ಮೇಲೆ ಹೊಳೆದ ಯುದ್ಧಪದಕಗಳು, ನಿಂತುಹೋದ ಗಡಿಯಾರಗಳು, ಹೀಗೆ ಒಂದು ಸಾಮ್ರಾಜ್ಯದ ಅಟ್ಟವನ್ನೇ ಬೀದಿಗೆ ತಂದು ಸುರಿದಂತೆ ಕಾಣುತ್ತದೆ. ಇವುಗಳ ನಡುವೆ ಎಲ್ಲಿಯೋ ಒಂದು ರಟ್ಟಿನ ಪೆಟ್ಟಿಗೆ. ಅದರೊಳಗೆ ಒಂದರ ಮೇಲೊಂದು ಬಿದ್ದುಕೊಂಡ ಹೊಗೆಸೊಪ್ಪಿನ ಪೈಪುಗಳು. ಬಟ್ಟಲಿನೊಳಗೆ ಮಸಿ ಕಲ್ಲಿನಂತೆ ಕಟ್ಟಿಕೊಂಡಿದೆ. ಬಾಯಲ್ಲಿ ಕಚ್ಚುವ ತುದಿ ಬಣ್ಣಗೆಟ್ಟು ಹಸಿರು ಮಿಶ್ರಿತ ಕಂದಾಗಿದೆ. ಅದರ ಮೇಲೆ ಯಾರೋ ಸತ್ತವರ ಹಲ್ಲಿನ ಗುರುತು. ಸಾಮಾನ್ಯ ಪ್ರವಾಸಿ ಮೂಗು ಮುರಿದು ಮುಂದೆ ಸಾಗುತ್ತಾನೆ.

ಸಾಗದೆ ನಿಲ್ಲುವವನೇ ಸಂಗ್ರಾಹಕ. ಆತ ಕಿಸೆಯಿಂದ ಭೂತಗನ್ನಡಿಯನ್ನು ತೆಗೆದು, ಪೈಪನ್ನು ಓರೆಯಾಗಿ ಬೆಳಕಿಗೆ ಹಿಡಿದು, ಬಟ್ಟಲನ್ನು ತುದಿಗೆ ಕೂಡಿಸುವ ಮರದ ಕಾಂಡವನ್ನು ಪರೀಕ್ಷಿಸತೊಡಗುತ್ತಾನೆ. ಮರದ ಚೆಲುವನ್ನಾಗಲಿ ಆಕಾರದ ಸೊಗಸನ್ನಾಗಲಿ ಆತ ಮೊದಲು ನೋಡುವುದಿಲ್ಲ. ಆತನ ಕಣ್ಣು ಹುಡುಕುವುದು ಅಕ್ಕಿಕಾಳಿನಷ್ಟು ಚಿಕ್ಕದಾದ ಕೆಲವು ಅಕ್ಷರಗಳನ್ನು. ಪೈಪು ಹುಟ್ಟಿದ ದಿನ ಉಕ್ಕಿನ ಅಚ್ಚಿನಿಂದ ಮರದಲ್ಲಿ ಒತ್ತಿದ ಮುದ್ರೆಯನ್ನು. ಮುದ್ರೆ ಸ್ಪಷ್ಟವಾಗಿದ್ದರೆ ಆತನ ಮುಖ ಅರಳುತ್ತದೆ. ಅಳಿಸಿಹೋಗಿದ್ದರೆ ಎಷ್ಟೇ ಅಂದವಾದ ಪೈಪಾದರೂ ಪೆಟ್ಟಿಗೆಗೆ ಮರಳುತ್ತದೆ. ಇದು ನೋಡುವವರಿಗೆ ಹುಚ್ಚಾಟವೆಂದು ತೋರಬಹುದು. ಆದರೆ ಇಂಗ್ಲಿಷ್ ಬ್ರಯರ್ ಪೈಪಿನಲ್ಲಿ ಇಂಗ್ಲಿಷ್ ಎನ್ನುವಂಥದು ಯಾವುದು ಎಂದು ವಿಚಾರಿಸಹೊರಟರೆ ಆ ಹುಚ್ಚಿನ ಅರ್ಥ ತಿಳಿಯುತ್ತದೆ.

ಮರವಂತೂ ಇಂಗ್ಲೆಂಡಿನದಲ್ಲ. ಬ್ರಯರ್ ಎಂಬುದು ಮೆಡಿಟರೇನಿಯನ್ ಸಮುದ್ರದ ಸುತ್ತಣ ಒಣಗುಡ್ಡಗಳಲ್ಲಿ ಬೆಳೆಯುವ ಒಂದು ಪೊದೆ. ಸಸ್ಯಶಾಸ್ತ್ರಜ್ಞರು ಇದನ್ನು ಎರಿಕ ಆರ್ಬೋರಿಯ ಎಂದು ಕರೆಯುತ್ತಾರೆ. ಕಾರ್ಸಿಕ, ಸಾರ್ಡೀನಿಯ, ಇಟಲಿಯ ಕಲಾಬ್ರಿಯ, ಗ್ರೀಸ್, ಅಲ್ಜೀರಿಯ ಇದರ ತವರು. ಪೊದೆಯ ಕಾಂಡ ಮತ್ತು ಬೇರು ಸೇರುವೆಡೆಯಲ್ಲಿ ನೆಲದೊಳಗೆ ಒಂದು ಗಂಟು ಬೆಳೆಯುತ್ತದೆ. ಪೈಪಿಗೆ ಬೇಕಾದದ್ದು ಈ ಬೇರುಗಂಟು. ಕೆಲಸಕ್ಕೆ ಬರುವಷ್ಟು ಬಲಿಯಲು ಅದಕ್ಕೆ ಹಲವು ದಶಕಗಳು ಬೇಕು. ಅಗೆದು ತೆಗೆದ ಗಂಟನ್ನು ಬಿಸಿಲಿಗೆ ಬಿಟ್ಟರೆ ಸೀಳುತ್ತದೆ. ಆದುದರಿಂದ ನೆರಳಿನಲ್ಲಿ, ತೇವದಲ್ಲಿ ಕಾಪಾಡಿ, ಗರಗಸದಿಂದ ತುಂಡುಮಾಡಿ, ದೊಡ್ಡ ಕೊಪ್ಪರಿಗೆಗಳಲ್ಲಿ ಗಂಟೆಗಟ್ಟಲೆ ಕುದಿಸಿ ಒಗರು ರಸವನ್ನು ಹೊರಹಾಕಬೇಕು. ಬಳಿಕ ತಿಂಗಳುಗಟ್ಟಲೆ ಆರಬೇಕು. ಇಷ್ಟೆಲ್ಲ ಆದ ಮೇಲೆ ಈ ಮರಕ್ಕೆ ಒಂದು ವಿಶೇಷ ಗುಣ ಬರುತ್ತದೆ. ಒಡಲಿನಲ್ಲಿ ಕೆಂಡವನ್ನಿಟ್ಟುಕೊಂಡರೂ ಅದು ಸುಲಭವಾಗಿ ಸುಡುವುದಿಲ್ಲ, ಬಾಯಿಗೆ ಕಹಿಯನ್ನು ಬಿಡುವುದಿಲ್ಲ, ಕೈಯಲ್ಲಿ ಭಾರವೆನಿಸುವುದಿಲ್ಲ.

ಪೈಪಾಗಿ ಕಡೆಯುವ ವಿದ್ಯೆಯೂ ಇಂಗ್ಲೆಂಡಿನದಲ್ಲ. ಅದರ ತೊಟ್ಟಿಲು ಫ್ರಾನ್ಸಿನ ಪೂರ್ವಕ್ಕೆ, ಸ್ವಿಟ್ಜರ್ಲೆಂಡಿನ ಗಡಿಗೆ ಹತ್ತಿರವಾಗಿ, ಜೂರಾ ಪರ್ವತಗಳ ಕಣಿವೆಯಲ್ಲಿ ಅಡಗಿರುವ ಸೇಂಟ್ ಕ್ಲೋಡ್ ಎಂಬ ಊರು. ಬಿಯೆನ್ ಮತ್ತು ಟಾಕೋನ್ ನದಿಗಳು ಅಲ್ಲಿ ಸಂಗಮಿಸುತ್ತವೆ. ಸುತ್ತಲೂ ಕಡಿದಾದ ಬೆಟ್ಟ; ಮನೆಗಳು ಒಂದರ ಹೆಗಲ ಮೇಲೊಂದು ನಿಂತಂತೆ ಕಟ್ಟಲ್ಪಟ್ಟಿವೆ. ಒಂದು ಕಾಲಕ್ಕೆ ಇದು ಯಾತ್ರಾಸ್ಥಳ. ಸಂತ ಕ್ಲೋಡನ ದೇಹಾವಶೇಷಗಳ ದರ್ಶನಕ್ಕೆಂದು ದೂರದೂರದಿಂದ ಭಕ್ತರು ಬರುತ್ತಿದ್ದರು. ಯಾತ್ರಾಸ್ಥಳವೆಂದ ಮೇಲೆ ಜಪಮಾಲೆ, ಸಣ್ಣ ವಿಗ್ರಹ, ಆಟಿಕೆಗಳ ವ್ಯಾಪಾರ ಇರಲೇಬೇಕಷ್ಟೆ? ಊರಿನ ಮರಗೆಲಸದವರು ಚಳಿಗಾಲದ ದೀರ್ಘ ರಾತ್ರಿಗಳಲ್ಲಿ ಇವುಗಳನ್ನು ಕಡೆದು ಯಾತ್ರಿಕರಿಗೆ ಮಾರುತ್ತಿದ್ದರು. ಫ್ರಾನ್ಸಿನ ಮಹಾಕ್ರಾಂತಿಯ ಬಿರುಗಾಳಿಯಲ್ಲಿ, 1794ರಲ್ಲಿ, ಸಂತನ ಅವಶೇಷಗಳನ್ನು ಸುಟ್ಟುಹಾಕಲಾಯಿತು. ಆದರೆ ಕಡೆಯುವ ಕೈಗಳು ಉಳಿದವು. ಆ ಕೈಗಳು ನಶ್ಯದ ಡಬ್ಬಿಗಳನ್ನೂ ಪೈಪಿನ ಬಿಡಿಭಾಗಗಳನ್ನೂ ಮಾಡಿದವು. 1850ರ ದಶಕದಲ್ಲಿ ಬ್ರಯರ್ ಗಂಟು ಅವುಗಳಿಗೆ ದೊರೆತಾಗ, ಆವರೆಗೆ ಮಣ್ಣಿನ ಪೈಪನ್ನೂ ಕಡಲನೊರೆಯಂಥ ಬಿಳಿಗಲ್ಲಿನ ಪೈಪನ್ನೂ ಸೇದುತ್ತಿದ್ದ ಯೂರೋಪಿಗೆ ಒಂದು ಹೊಸ ವಸ್ತು ಸಿಕ್ಕಿತು. ನೆಪೋಲಿಯನ್ನನ ಜನ್ಮಸ್ಥಾನವನ್ನು ನೋಡಲು ಕಾರ್ಸಿಕಕ್ಕೆ ಹೋದ ಫ್ರೆಂಚನೊಬ್ಬನ ಬಿಳಿಗಲ್ಲಿನ ಪೈಪು ಒಡೆದುಹೋಗಿ, ಅಲ್ಲಿಯ ರೈತನೊಬ್ಬ ಬೇರಿನಿಂದ ಬೇರೊಂದನ್ನು ಕೆತ್ತಿಕೊಟ್ಟನೆಂಬ ಕಥೆಯೊಂದಿದೆ. ಕಥೆ ಸೊಗಸಾಗಿದೆ, ನಂಬುವುದು ಬಿಡುವುದು ಕೇಳುವವರಿಗೆ ಸೇರಿದ್ದು. ಇಂದು ಆ ಊರಿಗೆ ಹೋದವರು ಪೈಪು ಮತ್ತು ವಜ್ರಗಳ ವಸ್ತುಸಂಗ್ರಹಾಲಯವೊಂದನ್ನು ಕಾಣಬಹುದು. ಏಕೆಂದರೆ ವಜ್ರ ಕಡಿಯುವ ಕಸುಬೂ ಅಲ್ಲಿ ಬೆಳೆದಿತ್ತು.

ಹಾಗಾದರೆ ಕಸುಬಿನವರಾದರೂ ಇಂಗ್ಲಿಷರೇ? ಅದೂ ಪೂರ್ಣ ನಿಜವಲ್ಲ. ಲಂಡನ್ನಿನಲ್ಲಿ ಬ್ರಯರ್ ಪೈಪಿಗೆ ಮೊದಲು ಕೈಹಾಕಿದವರಲ್ಲಿ ಒಬ್ಬನೆಂದು ಹೆಸರಾದ ಎಮಿಲ್ ಲೋವ್ ಫ್ರಾನ್ಸಿನಿಂದ ಬಂದವನು. ಹೇಮಾರ್ಕೆಟ್ ಬೀದಿಯ ಅವನ ಅಂಗಡಿ 1856ರದು. 1863ರಲ್ಲಿ ಲಂಡನ್ನಿನ ಪೂರ್ವಭಾಗದಲ್ಲಿ ಅಂಗಡಿಯಿಟ್ಟ ಫ್ರೆಡ್ರಿಕ್ ಚಾರಟಾನ್ ರಷ್ಯದಿಂದ ವಲಸೆ ಬಂದವನು. ಸೇಂಟ್ ಕ್ಲೋಡಿನಲ್ಲಿ 1825ರಿಂದ ಪೈಪು ಮಾಡುತ್ತಿದ್ದ ಕೊಮೊಯ್ ಮನೆತನದ ಹೆನ್ರಿ ಎಂಬವನು 1879ರಲ್ಲಿ ಕಡಲ್ಗಾಲುವೆ ದಾಟಿ ಲಂಡನ್ನಿಗೆ ಬಂದು ನೆಲೆಸಿದನು. 1812ರಿಂದ ಬೆಳ್ಳಿಗೆಲಸ ನಡೆಸುತ್ತಿದ್ದ ಬಾರ್ಲಿಂಗ್ ಮನೆತನದಂಥ ಅಪ್ಪಟ ಇಂಗ್ಲಿಷರೂ ಇದ್ದರೆನ್ನಿ. ಆದರೂ ಅನೇಕ ಲಂಡನ್ ಮನೆಗಳಿಗೆ ಒರಟಾಗಿ ಕಡೆದ ಬಟ್ಟಲುಗಳು ಬರುತ್ತಿದ್ದುದು ಸೇಂಟ್ ಕ್ಲೋಡಿನಿಂದಲೇ. ಲಂಡನ್ನಿನಲ್ಲಿ ಅವನ್ನು ಆರಿಸಿ, ದೋಷವಿದ್ದುದನ್ನು ಬೇರ್ಪಡಿಸಿ, ಕಾಂಡಕ್ಕೆ ತುದಿಯನ್ನು ಕೂದಲೆಳೆಯ ಸಂದೂ ಉಳಿಯದಂತೆ ಜೋಡಿಸಿ, ಬಣ್ಣವೇರಿಸಿ, ಬೆಳ್ಳಿಯ ಕಟ್ಟು ಹಾಕಿ, ಕಡೆಗೆ ಹೆಸರನ್ನು ಒತ್ತುತ್ತಿದ್ದರು. ಹೀಗಾಗಿ ಇಂಗ್ಲೆಂಡು ಆ ಪೈಪಿಗೆ ಕೊಟ್ಟದ್ದು ಎರಡೇ ಎರಡು: ಕೊನೆಯ ಕೈಗೆಲಸ ಮತ್ತು ಮುದ್ರೆ. ಸಂಗ್ರಾಹಕನು ಭೂತಗನ್ನಡಿಯಲ್ಲಿ ಹುಡುಕುವುದು ಇದನ್ನೇ.

ಈ ಕೊನೆಯ ಕೈಗೆಲಸವನ್ನೂ ಮುದ್ರೆಯನ್ನೂ ಲೋಕಪ್ರಸಿದ್ಧಗೊಳಿಸಿದವನು ಆಲ್‌ಫ್ರೆಡ್ ಡನ್‌ಹಿಲ್. 1872ರಲ್ಲಿ ಹುಟ್ಟಿದ ಈತನ ತಂದೆಯ ಕಸುಬು ಕುದುರೆಯ ಜೀನು, ಲಗಾಮುಗಳನ್ನು ಮಾರುವುದು. ಕುದುರೆಯ ಕಾಲ ಮುಗಿದು ಮೋಟಾರಿನ ಕಾಲ ಬರುತ್ತಿರುವುದನ್ನು ಮಗ ಬೇಗ ಗ್ರಹಿಸಿದನು. ಮೋಟಾರು ಒಂದನ್ನು ಬಿಟ್ಟು ಮೋಟಾರಿನವರಿಗೆ ಬೇಕಾದ ಸಕಲವನ್ನೂ, ಎಂದರೆ ದೀಪ, ಕೋಟು, ಕನ್ನಡಕ, ಗಡಿಯಾರ ಎಲ್ಲವನ್ನೂ, ಮಾರತೊಡಗಿದನು. 1904ರಲ್ಲಿ ಒಂದು ವಿಚಿತ್ರ ಪೈಪಿಗೆ ಹಕ್ಕುಪತ್ರ ಪಡೆದನು. ಅದರ ಬಟ್ಟಲಿನ ಮುಂಭಾಗ ಹೆಡೆಯೆತ್ತಿದಂತೆ ಮೇಲೆದ್ದಿತ್ತು. ತೆರೆದ ಗಾಡಿಯಲ್ಲಿ ವೇಗವಾಗಿ ಹೋಗುವಾಗ ಗಾಳಿಗೆ ಕಿಡಿ ಹಾರಿ ಮೀಸೆ ಸುಡದಿರಲೆಂದು ಈ ಏರ್ಪಾಟು! 1907ರಲ್ಲಿ ಸೇಂಟ್ ಜೇಮ್ಸ್ ಬಡಾವಣೆಯ ಡ್ಯೂಕ್ ಬೀದಿಯಲ್ಲಿ ಹೊಗೆಸೊಪ್ಪಿನ ಅಂಗಡಿ ತೆರೆದನು.

ಸೇಂಟ್ ಜೇಮ್ಸ್ ಎಂದರೆ ಅರಮನೆಗೆ ಸಮೀಪದ ಬೀದಿಗಳು. ಟೊಪ್ಪಿಗೆಯವರು, ಅಂಗಿ ಹೊಲಿಯುವವರು, ಬೂಟು ಮಾಡುವವರು, ಮದ್ಯದ ವರ್ತಕರು, ಪ್ರತಿಷ್ಠಿತರ ಕ್ಲಬ್ಬುಗಳು. ಅಂಥ ಗಿರಾಕಿಗಳ ನಾಡಿಯನ್ನು ಡನ್‌ಹಿಲ್ ಅರಿತಿದ್ದನು. ಯಾರಿಗೆ ಯಾವ ಮಿಶ್ರಣದ ಹೊಗೆಸೊಪ್ಪು ಇಷ್ಟವೋ ಅದನ್ನು ಅವರ ಕಣ್ಣೆದುರಿಗೇ ಬೆರೆಸಿಕೊಟ್ಟು, ಪ್ರಮಾಣವನ್ನು ಒಂದು ಪುಸ್ತಕದಲ್ಲಿ ಸಂಖ್ಯೆ ಹಾಕಿ ಬರೆದಿಡುತ್ತಿದ್ದನು. ನಮ್ಮ ಕಡೆಯ ವೈದ್ಯರ ಅಂಗಡಿಯಲ್ಲಿ ಕಷಾಯದ ಚೀಟಿಯಿದ್ದಂತೆ ಎನ್ನಬಹುದು. ಹೊರಗಿನಿಂದ ಕೊಂಡ ಪೈಪುಗಳ ಗುಣ ಆತನಿಗೆ ಸಮಾಧಾನ ತರಲಿಲ್ಲ. 1910ರಲ್ಲಿ ಅಂಗಡಿಯ ಹತ್ತಿರವೇ ಸಣ್ಣ ಕಾರ್ಯಾಗಾರವನ್ನಿಟ್ಟು ತನ್ನದೇ ಪೈಪುಗಳನ್ನು ಮಾಡಿಸತೊಡಗಿದನು.

ಎರಡು ವರ್ಷಗಳಲ್ಲಿ ಒಂದು ಸಣ್ಣ ತೊಡಕು ತಲೆದೋರಿತು. ಅಂದು ಪೈಪಿನ ತುದಿಯನ್ನು ವಲ್ಕನೈಟ್ ಎಂಬ ಗಟ್ಟಿ ರಬ್ಬರಿನಿಂದ ಕೈಯಲ್ಲಿಯೇ ಕೊರೆಯುತ್ತಿದ್ದರು. ಕೈಯಲ್ಲಿ ಕೊರೆದ ತುದಿ ಒಂದು ಮಗ್ಗುಲಲ್ಲಿ ಮಾತ್ರ ಸರಿಯಾಗಿ ಕೂಡುತ್ತದೆ. ನೇರವಾದ ತುದಿಯಾದರೆ ಯಾವುದು ಮೇಲು ಯಾವುದು ಕೆಳಗು ಎಂದು ಗಿರಾಕಿಗೆ ತಿಳಿಯುತ್ತಿರಲಿಲ್ಲ. ಅದಕ್ಕಾಗಿ 1912ರಿಂದ ಮೇಲುಭಾಗದಲ್ಲಿ ಒಂದು ಬಿಳಿಯ ಚುಕ್ಕೆಯನ್ನಿಡಲಾಯಿತು. ಕೇವಲ ಅನುಕೂಲಕ್ಕೆಂದು ಹುಟ್ಟಿದ ಆ ಚುಕ್ಕೆಯೇ ಪ್ರಪಂಚದ ಅತ್ಯಂತ ಪ್ರಸಿದ್ಧವಾದ ಪೈಪಿನ ಲಾಂಛನವಾಯಿತು. ಮುಂದೆ ಡನ್‌ಹಿಲ್ಲನ ಕಾರ್ಯಾಗಾರವನ್ನು ಬಿಟ್ಟು 1919ರಲ್ಲಿ ಸ್ವಂತ ಕಸುಬು ಆರಂಭಿಸಿದ ಜೋಯೆಲ್ ಸಸೀನಿ ತನ್ನ ಪೈಪಿಗೆ ಮೊದಲು ಒಂದೇ ಚುಕ್ಕೆಯನ್ನಿಟ್ಟು, ಬಳಿಕ ನಾಲ್ಕು ಚುಕ್ಕೆಗಳನ್ನಿಟ್ಟನು. ಆತನ ನಾಲ್ಕು ಚುಕ್ಕೆಯ ಪೈಪುಗಳಲ್ಲಿ ಆಶ್‌ಫರ್ಡ್ ಮೊದಲಾದ ಇಂಗ್ಲಿಷ್ ಊರುಗಳ ಹೆಸರುಗಳನ್ನೂ ಒತ್ತಲಾಗಿದೆ. ಕೊಮೊಯ್ ಮನೆತನದವರು ಬಿಳಿಯ ಒಂದು ಅಕ್ಷರವನ್ನು ಮೂರು ತುಣುಕುಗಳಿಂದ ಕೂಡಿಸಿ ಕೆತ್ತಿ ಕೂರಿಸುತ್ತಿದ್ದರು. ಕಾಲ ಕಳೆದಂತೆ ಈ ಕೆಲಸ ಸುಲಭವಾದ ದಾರಿಗಳನ್ನು ಹಿಡಿಯಿತು. ಮೂರು ತುಣುಕಿನ ಅಕ್ಷರವನ್ನು ಕಂಡರೆ ಸಂಗ್ರಾಹಕನು ಬೆಲೆಯ ಚೌಕಾಸಿಯನ್ನು ಮೆತ್ತಗಾಗಿಸುತ್ತಾನೆ.

ಡನ್‌ಹಿಲ್ಲನ ಇನ್ನೊಂದು ಹೊಸತನ 1917ರ ‘ಚಿಪ್ಪು’ ಪೈಪು. ಬಟ್ಟಲಿನ ಮೇಲೆ ಮರಳನ್ನು ರಭಸವಾಗಿ ಊದಿದರೆ ಮೆತ್ತನೆಯ ಮರ ಸವೆದು ಗಟ್ಟಿಯಾದ ನಾರುಗಳು ಗೆರೆಗೆರೆಯಾಗಿ ಉಳಿಯುತ್ತವೆ. ಕಡಲ ಚಿಪ್ಪಿನ ಮೈಯಂತೆ ಕಾಣುತ್ತದೆ. ಅಲ್ಜೀರಿಯದ ಬ್ರಯರ್ ಇದಕ್ಕೆ ಬಹಳ ಹೊಂದಿಕೊಂಡಿತು. ನೆಲಮಾಳಿಗೆಯ ಕುಲುಮೆಯ ಬಳಿ ಮರೆತಿಟ್ಟ ಪೈಪೊಂದು ಶಾಖಕ್ಕೆ ಹೀಗೆ ಸೊರಗಿದ್ದನ್ನು ಕಂಡು ಈ ಉಪಾಯ ಹೊಳೆಯಿತೆಂಬುದು ಅಂಗಡಿಯ ದಂತಕಥೆ.

ಮುದ್ರೆಗಳನ್ನು ಓದುವುದು ಒಂದು ಪುಟ್ಟ ಶಾಸನಶಾಸ್ತ್ರವೇ ಸರಿ. 1920ರ ದಶಕದಿಂದ ಡನ್‌ಹಿಲ್ ಪೈಪಿನಲ್ಲಿ ‘ಇಂಗ್ಲೆಂಡಿನಲ್ಲಿ ಮಾಡಿದ್ದು’ ಎಂಬ ಒಕ್ಕಣೆಯ ಬಳಿ ಒಂದು ಚಿಕ್ಕ ಅಂಕಿ ಇರುತ್ತದೆ. ಅದು ವರ್ಷದ ಗುರುತು. ಆದರೆ ಒಂದೇ ಅಂಕಿ ಬೇರೆ ಬೇರೆ ದಶಕಗಳಲ್ಲಿ ಮರಳಿ ಬರುತ್ತದೆ. ಅಂಕಿಯ ಗಾತ್ರವೆಷ್ಟು, ಅದು ಮೇಲಕ್ಕೆ ಎದ್ದಿದೆಯೇ, ಕೆಳಗೆ ಗೆರೆಯಿದೆಯೇ, ಹಕ್ಕುಪತ್ರದ ಸಂಖ್ಯೆ ಜೊತೆಗಿದೆಯೇ ಎಂಬುದನ್ನೆಲ್ಲ ಕೂಡಿಸಿ ಕಳೆದು ವರ್ಷವನ್ನು ನಿರ್ಣಯಿಸಬೇಕು. ಬಾರ್ಲಿಂಗ್ ಪೈಪುಗಳಿಗೆ ಬೇರೆ ಲೆಕ್ಕ. 1960ರ ದಶಕದ ಆರಂಭದಲ್ಲಿ ಆ ಮನೆತನದ ಕೈಯಿಂದ ಸಂಸ್ಥೆ ಜಾರಿತು. ಅದಕ್ಕಿಂತ ಹಿಂದಿನವು ಒಂದು ಜಾತಿ, ನಂತರದವು ಇನ್ನೊಂದು ಜಾತಿ ಎಂದು ಸಂಗ್ರಾಹಕರು ಪಂಕ್ತಿಭೇದ ಮಾಡುತ್ತಾರೆ. ಮಾದರಿಯ ಸಂಖ್ಯೆ ನಾಲ್ಕಂಕಿಯದೇ ಕಡಮೆಯೇ ಎಂಬುದರ ಮೇಲೆ ಪೈಪಿನ ಕುಲ ನಿರ್ಧಾರವಾಗುತ್ತದೆ!

ಬೆಳ್ಳಿಯ ಕಟ್ಟಿದ್ದರೆ ಕೆಲಸ ಹಗುರ. ಇಂಗ್ಲೆಂಡಿನಲ್ಲಿ ಬೆಳ್ಳಿಯನ್ನು ಸರ್ಕಾರದ ಮಾನ್ಯತೆಯಿರುವ ಪರೀಕ್ಷಾಲಯದಲ್ಲಿ ಒರೆಗೆ ಹಚ್ಚಿ ಮುದ್ರೆ ಹಾಕುವ ಪದ್ಧತಿ ಶತಮಾನಗಳಷ್ಟು ಹಳೆಯದು. ನಡೆಯುವ ಸಿಂಹ ಶುದ್ಧತೆಯ ಗುರುತು. ಚಿರತೆಯ ತಲೆ ಲಂಡನ್ನಿಗೆ, ಲಂಗರು ಬರ್ಮಿಂಗ್‌ಹ್ಯಾಮಿಗೆ, ಖಡ್ಗ ಮತ್ತು ಗೋಧಿಯ ಸಿವುಡುಗಳು ಚೆಸ್ಟರಿಗೆ. ಇವುಗಳ ಪಕ್ಕದಲ್ಲಿ ವರ್ಷಕ್ಕೊಂದು ಅಕ್ಷರ. ಅಕ್ಷರಮಾಲೆ ಮುಗಿದಾಗ ಅಕ್ಷರದ ಬರೆಹವನ್ನೂ ಸುತ್ತಣ ಚೌಕಟ್ಟನ್ನೂ ಬದಲಿಸಿ ಹೊಸ ಸುತ್ತನ್ನು ಆರಂಭಿಸುತ್ತಿದ್ದರು. ಎಳ್ಳುಕಾಳಿನಷ್ಟು ಜಾಗದಲ್ಲಿ ಊರು, ವರ್ಷ, ಶುದ್ಧತೆ, ಮಾಡಿದವನ ಹೆಸರು, ಎಲ್ಲವೂ ಅಡಕವಾಗಿರುತ್ತವೆ. ಎಷ್ಟೋ ಜಾತಕಗಳು ಇಷ್ಟು ನಿಖರವಾಗಿರುವುದಿಲ್ಲ.

ಇಷ್ಟು ಅಮೂಲ್ಯವಾದ ಮುದ್ರೆಗೆ ಶತ್ರು ಯಾರು? ಕಳ್ಳನಲ್ಲ, ಬೆಂಕಿಯಲ್ಲ, ಶುಚಿಪ್ರಿಯನಾದ ವ್ಯಾಪಾರಿ. ಕನ್ನಡನಾಡಿನ ಮನೆಗಳಲ್ಲಿ ಮದುವೆಯ ಉಡುಗೊರೆಯಾಗಿ ಬಂದ ಹಿತ್ತಾಳೆ ಕೊಳದಪ್ಪಲೆಯ ಮೇಲೆ ಕೊಟ್ಟವರ ಹೆಸರನ್ನು ಕೊರೆಸಿರುತ್ತಾರೆ. ಹುಣಸೆಹಣ್ಣು ಬೂದಿ ಹಾಕಿ ವರ್ಷಾನುಗಟ್ಟಲೆ ಬೆಳಗಿದಂತೆಲ್ಲ ಪಾತ್ರೆ ಥಳಥಳಿಸುತ್ತದೆ, ಹೆಸರು ಮಾತ್ರ ಮಾಯವಾಗುತ್ತದೆ. ಪೈಪಿಗೂ ಇದೇ ಗತಿ. ಹಳೆಯ ಪೈಪುಗಳನ್ನು ಸಗಟಾಗಿ ಕೊಂಡು, ತಿರುಗುವ ಬಟ್ಟೆಯ ಚಕ್ರಕ್ಕೆ ಒತ್ತಿ ಹಿಡಿದು ಕನ್ನಡಿಯಂತೆ ಹೊಳೆಯಿಸಿ ಮಾರುವವರಿದ್ದಾರೆ. ಕೆಲವೇ ನಿಮಿಷಗಳ ಉಜ್ಜಿಗೆ ನೂರು ವರ್ಷ ಉಳಿದಿದ್ದ ಅಕ್ಷರಗಳು ಮಸುಕಾಗುತ್ತವೆ. ಮರ ಅದೇ, ಆಕಾರ ಅದೇ, ಸೇದಿದರೆ ರುಚಿಯೂ ಅದೇ. ಆದರೆ ಆ ಪೈಪು ಯಾವ ಬೀದಿಯಲ್ಲಿ, ಯಾರ ಕಾರ್ಯಾಗಾರದಲ್ಲಿ, ಯಾವ ವರ್ಷ ಹುಟ್ಟಿತೆಂಬುದನ್ನು ಇನ್ನಾರೂ ಹೇಳಲಾರರು. ಬಲ್ಲ ಸಂಗ್ರಾಹಕನು ಮುದ್ರೆಯ ಭಾಗವನ್ನು ಬೆರಳಿನಿಂದ ಮುಚ್ಚಿಕೊಂಡು ಉಳಿದುದನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಾನೆ. ತುದಿಯ ಹಸಿರು ಬಣ್ಣವನ್ನು ಮಾತ್ರ ತಾಳ್ಮೆಯಿಂದ ತೆಗೆಯುತ್ತಾನೆ. ಅದು ಬೆಳಕಿಗೆ ರಬ್ಬರಿನೊಳಗಿನ ಗಂಧಕ ಮೇಲೆ ಬಂದ ಫಲ. ಹಲ್ಲಿನ ಗುರುತನ್ನು ಅಳಿಸಬೇಕೇ ಬೇಡವೇ ಎಂಬ ವಿಷಯದಲ್ಲಿ ಮಾತ್ರ ಸಂಗ್ರಾಹಕರೊಳಗೆ ಒಮ್ಮತವಿಲ್ಲ. ಅದು ದೋಷವೆಂದು ಕೆಲವರು; ಅದೂ ಒಂದು ಮುದ್ರೆಯೇ ಎಂದು ಕೆಲವರು. ಎರಡನೆಯವರ ಮಾತಿನಲ್ಲಿ ಹೆಚ್ಚು ಹುರುಳಿದೆ.

ಸೇಂಟ್ ಜೇಮ್ಸಿನ ಆ ಬೀದಿಗಳು ದೊಡ್ಡ ಪೆಟ್ಟನ್ನು ತಿಂದದ್ದು 1941ರ ಏಪ್ರಿಲ್ 16ರ ರಾತ್ರಿ. ಜರ್ಮನ್ ವಿಮಾನಗಳು ಸುರಿಸಿದ ಬಾಂಬುಗಳಿಗೆ ಜರ್ಮಿನ್ ಬೀದಿ ಛಿದ್ರವಾಯಿತು. ಡ್ಯೂಕ್ ಬೀದಿಯ ವಸತಿಯೊಂದರಲ್ಲಿ ಮಲಗಿದ್ದ ಜನಪ್ರಿಯ ಗಾಯಕ ಆಲ್ ಬೌಲಿ ಆ ದಾಳಿಯಲ್ಲಿಯೇ ಮಡಿದನು. ಡನ್‌ಹಿಲ್ ಅಂಗಡಿಯೂ ನೆಲಸಮವಾಯಿತು. ಅವಶೇಷಗಳ ನಡುವೆಯೇ ಮೇಜು ಹಾಕಿ ವ್ಯಾಪಾರ ಮುಂದುವರಿಸಿದರೆಂದೂ, ಚರ್ಚಿಲ್ಲರ ಚುಟ್ಟಾಗಳು ಸುರಕ್ಷಿತವಾಗಿವೆಯೆಂದು ನಸುಕಿನಲ್ಲಿಯೇ ದೂರವಾಣಿಯ ಮೂಲಕ ಅವರಿಗೆ ತಿಳಿಸಿದರೆಂದೂ ಹೇಳುತ್ತಾರೆ. ಬಾಂಬಿಗೆ ಅಂಜದೆ ವ್ಯಾಪಾರ ಮಾಡಿದ ಕಸುಬು, ಶಾಂತಿಯ ಕಾಲದಲ್ಲಿ ಸದ್ದಿಲ್ಲದೆ ಸೊರಗಿತು.

1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ವಿದ್ವಾಂಸರು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿಕೊಟ್ಟರು. 1962ರಲ್ಲಿ ಲಂಡನ್ನಿನ ರಾಜಕೀಯ ವೈದ್ಯ ಕಾಲೇಜು, ಎಂದರೆ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್, ಅದೇ ಮಾತನ್ನು ಘಂಟಾಘೋಷವಾಗಿ ಸಾರಿತು. ಪೈಪಿನವರು ಸುಲಭವಾಗಿ ಸೋಲೊಪ್ಪಲಿಲ್ಲ. 1948ರಲ್ಲಿ ನಾರ್ವೆಯ ಬಳಿ ಕಡಲಿಗೆ ಬಿದ್ದ ವಿಮಾನದಲ್ಲಿ ಧೂಮಪಾನಿಗಳ ವಿಭಾಗದಲ್ಲಿ ಕುಳಿತಿದ್ದುದರಿಂದಲೇ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಬದುಕಿದರೆಂದು ಇಂದಿಗೂ ಹೇಳುವವರಿದ್ದಾರೆ. ಘಟನೆ ನಿಜವೇ, ಆದರೆ ಹೊಗೆಯಿಂದ ಉಳಿದವನು ಒಬ್ಬ, ಅಳಿದವರ ಲೆಕ್ಕ ವೈದ್ಯರ ಬಳಿಯಿದೆ. ಬಹಿರಂಗದಲ್ಲಿ ಸದಾ ಪೈಪು ಹಿಡಿದಿರುತ್ತಿದ್ದ ಪ್ರಧಾನಮಂತ್ರಿ ಹೆರಾಲ್ಡ್ ವಿಲ್ಸನ್ನರಿಗೆ 1965ರಲ್ಲಿ ವರ್ಷದ ಶ್ರೇಷ್ಠ ಪೈಪುಗಾರನೆಂಬ ಬಿರುದನ್ನು ಕೊಟ್ಟಿದ್ದರು. ಏಕಾಂತದಲ್ಲಿ ಅವರು ಮೆಚ್ಚುತ್ತಿದ್ದುದು ಚುಟ್ಟಾವನ್ನಂತೆ! 2003ರ ಬಳಿಕ ಆ ಬಿರುದೂ ನಿಂತಿತು. 2007ರ ಜುಲೈ 1ರಿಂದ ಇಂಗ್ಲೆಂಡಿನ ಮುಚ್ಚಿದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷಿದ್ಧವಾಯಿತು. ಹೇಮಾರ್ಕೆಟ್ಟಿನಲ್ಲಿ 1720ರಲ್ಲಿ ಸ್ಥಾಪಿತವಾಗಿದ್ದ ಫ್ರೈಬರ್ಗ್ ಮತ್ತು ಟ್ರೇಯರ್ ಎಂಬ ನಶ್ಯ, ಹೊಗೆಸೊಪ್ಪಿನ ಅಂಗಡಿ 1980ರ ದಶಕದ ಆರಂಭದಲ್ಲಿಯೇ ಕದ ಹಾಕಿತ್ತು. ಬಿಲ್ಲಿನಂತೆ ಮುಂಚಾಚಿದ ಅದರ ಕಿಟಕಿಗಳು ಮಾತ್ರ ದಾರಿಹೋಕರ ಕಣ್ಣಿಗೆ ಬೀಳುತ್ತವೆ. ಪೈಪಿನ ಮನೆತನಗಳು ಒಂದೊಂದಾಗಿ ಮಾರಾಟವಾದವು. ಡನ್‌ಹಿಲ್ ಎಂಬ ಹೆಸರು ಇಂದಿನವರಿಗೆ ಪರಿಚಯವಿರುವುದು ಹೆಚ್ಚಾಗಿ ಉಡುಪು ಮತ್ತು ಚರ್ಮದ ಸಾಮಾನುಗಳಿಂದ.

ಆದುದರಿಂದಲೇ ಇಂದಿನ ಸಂಗ್ರಾಹಕರಲ್ಲಿ ಬೆಂಕಿಯನ್ನೇ ಮುಟ್ಟಿಸದವರು ಹಲವರಿದ್ದಾರೆ. ಕಿಸೆಗೆ ತಕ್ಕಂತೆ ಕೆಲವರು ಒಂದೇ ಕಾರ್ಖಾನೆಯದನ್ನು, ಕೆಲವರು ಒಂದೇ ಆಕಾರದ್ದನ್ನು ಕೂಡಿಸುತ್ತಾರೆ. ತಾವು ಹುಟ್ಟಿದ ವರ್ಷದ ಪೈಪನ್ನು ಹುಡುಕುವವರೂ ಉಂಟು. ಬೇಡಿಕೆಯಿದ್ದಲ್ಲಿ ಮೋಸವೂ ಇರುತ್ತದೆ. ಸಾಧಾರಣ ಪೈಪಿನ ತುದಿಗೆ ತೂತು ಕೊರೆದು ಬಿಳಿಯ ಚುಕ್ಕೆಯನ್ನು ತುಂಬಿ ಮಾರುವವರಿದ್ದಾರೆ. ತುದಿಯನ್ನು ಬದಲಿಸಬಹುದು, ಚುಕ್ಕೆಯನ್ನು ಇಡಬಹುದು. ಮರದಲ್ಲಿ ಆಳವಾಗಿ ಒತ್ತಿದ ಹಳೆಯ ಅಚ್ಚಿನ ಅಕ್ಷರವನ್ನು ಮರಳಿ ತರುವುದು ಅಷ್ಟು ಸುಲಭವಲ್ಲ.

ಸಂತೆಗೆ ಬರುವ ಪೈಪುಗಳ ದಾರಿ ಬಹುಮಟ್ಟಿಗೆ ಒಂದೇ. ಮನೆಯ ಹಿರಿಯನು ತೀರಿಕೊಳ್ಳುತ್ತಾನೆ; ಮಕ್ಕಳು ಮನೆಯನ್ನು ಬರಿದು ಮಾಡುತ್ತಾರೆ; ಗಡಿಯಾರವನ್ನು ಒಬ್ಬ, ಪುಸ್ತಕಗಳನ್ನು ಒಬ್ಬ ಇಟ್ಟುಕೊಂಡ ಮೇಲೆ ಮೇಜಿನ ಸೆಳೆಖಾನೆಯಲ್ಲಿ ಏಳೆಂಟು ಪೈಪುಗಳು ಉಳಿಯುತ್ತವೆ. ವಾಸನೆಯೆಂದು ಯಾರಿಗೂ ಬೇಡ. ಕೆಲವನ್ನು ತೊಳೆದು ಉಜ್ಜಿ ಕೊಡುತ್ತಾರೆ. ಸದ್ಯಕ್ಕೆ ಕೆಲವರಾದರೂ ಹಾಗೆಯೇ ಪೆಟ್ಟಿಗೆಗೆ ಹಾಕಿ ಕೊಡುತ್ತಾರೆ. ಬೆಳ್ಳಿಯ ಕಟ್ಟಿನ ಮೇಲೆ ಕೆಲವೊಮ್ಮೆ ಎರಡು ಅಕ್ಷರಗಳನ್ನು ಕೊರೆದಿರುವುದುಂಟು. ಮಾಡಿದವನ ಹೆಸರನ್ನು, ಊರನ್ನು, ವರ್ಷವನ್ನು ಭೂತಗನ್ನಡಿ ತಿಳಿಸುತ್ತದೆ. ಆ ಎರಡಕ್ಷರದವನು ಯಾರೆಂಬುದನ್ನು ತಿಳಿಸಬಲ್ಲವರು ಪೆಟ್ಟಿಗೆಯನ್ನು ಮಾರಿ ಮನೆಗೆ ಹೋಗಿಬಿಟ್ಟಿರುತ್ತಾರೆ.

ಲಂಡನ್ನಿನ ಈಶಾನ್ಯಕ್ಕೆ ವಾಲ್ತಮ್‌ಸ್ಟೋ ಎಂಬ ಉಪನಗರವಿದೆ. ಡ್ಯೂಕ್ ಬೀದಿಯ ವೈಭವ ಅಲ್ಲಿಲ್ಲ. ಸಾಲುಮನೆಗಳ ನಡುವೆ ಕಾರ್ಖಾನೆಗಳು. ಬಿಳಿಯ ಚುಕ್ಕೆಯ ಪೈಪುಗಳಿಗೆ ನೆಲೆಯಾದದ್ದು ಈ ಉಪನಗರ. ಮೆಡಿಟರೇನಿಯನ್ ಗುಡ್ಡಗಳಿಂದ ಮೂಟೆಗಳಲ್ಲಿ ಬಂದ ಮರದ ತುಂಡುಗಳನ್ನು ಕಡೆದು, ತುದಿಯನ್ನು ಕೂಡಿಸಿ, ಕಾಂಡದ ಮೇಲೆ ಉಕ್ಕಿನ ಅಚ್ಚನ್ನಿಟ್ಟು ಹೆಸರನ್ನೂ, ಮಾದರಿಯ ಸಂಖ್ಯೆಯನ್ನೂ, ಕೊನೆಗೆ ಆ ವರ್ಷದ ಅಂಕಿಯನ್ನೂ ಒತ್ತುತ್ತಾರೆ.